ಎಡದಿಂದ ಬಂದ ಬೆಳಕು

ಇಟಲಿಯ ಕಲಾವಿಮರ್ಶೆಯನ್ನು ನಮ್ಮ ಭಾಷೆಯಲ್ಲಿ ಪಾಠ ಮಾಡಬಹುದೆಂದು, ಚಿತ್ರಗಳ ಬಗ್ಗೆ ಬರೆದ ಹಳೆಯ ಬರಹಗಳನ್ನು ಸಾಹಿತ್ಯವೆಂದೇ ಓದಬಹುದೆಂದು ತೋರಿಸಿಕೊಟ್ಟವರು ಯಾರೆಂದು ಕೇಳಿದರೆ, ನಮ್ಮ ವಿಭಾಗದಲ್ಲಿ ಎಲ್ಲರ ಬೆರಳೂ ಒಬ್ಬರ ಕಡೆಗೇ ತಿರುಗುತ್ತದೆ. ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಷ್ಟ್ರು ಆ ಭಾಷೆಯನ್ನು ಕಲಿತದ್ದು ರಟ್ಟು ಕಿತ್ತುಹೋದ ಒಂದು ನಿಘಂಟಿನಿಂದ. ಹಾಸಿಗೆ ಹಿಡಿದ ತಾಯಿಯನ್ನು ಇಪ್ಪತ್ತು ವರ್ಷ ನೋಡಿಕೊಂಡ ಅವರು ಇಟಲಿಗೆ ಮಾತ್ರ ಒಮ್ಮೆಯೂ ಹೋಗಲಿಲ್ಲ. ತಾಯಿ ತೀರಿಕೊಂಡ ಮೇಲೆ ಹೋಗದಿರುವುದೇ ರೂಢಿಯಾಗಿತ್ತು.

ವಿದ್ಯಾರ್ಥಿಗಳು ಅವರಿಗಿಟ್ಟ ಹೆಸರು ‘ಕಣ್ಮುಚ್ಚು ಮೇಷ್ಟ್ರು’. ಮಧ್ಯಾಹ್ನದ ತರಗತಿಯಲ್ಲಿ ಪರದೆ ಎಳೆದು, ಪ್ರೊಜೆಕ್ಟರಿನ ದೀಪ ಹಚ್ಚಿ, ಚಿತ್ರವನ್ನು ಮಾತ್ರ ತೋರಿಸದೆ, “ಕಣ್ಮುಚ್ಚಿ, ಮೊದಲು ಅಜ್ಜ ಏನ್ ಹೇಳ್ತಾನೆ ಕೇಳಿ” ಎನ್ನುತ್ತಿದ್ದರು. ಅಜ್ಜನೆಂದರೆ ನಾನೂರು ವರ್ಷಗಳ ಹಿಂದೆ ಬದುಕಿದ್ದ ಒಬ್ಬ ಇಟಲಿಯ ವಿಮರ್ಶಕ. ಬಾಣಲೆಯ ಎಣ್ಣೆಯಂತೆ ಗುಂಯ್‌ಗುಡುವ ಯಂತ್ರ, ಖಾಲಿ ಬೆಳಕಿನ ಕೋಲಿನಲ್ಲಿ ತೇಲುವ ಧೂಳು, ಆತುರವೇ ಗೊತ್ತಿಲ್ಲದ ಅವರ ದನಿ. ಕಿಟಕಿಯ ಬಳಿ ನಿಂತ ಹೆಂಗಸೊಬ್ಬಳು, ಅವಳ ಪಕ್ಕದ ಮಣ್ಣಿನ ಹೂಜಿ, ಅದರ ಕಂಠದ ಮೇಲೆ ಬಿದ್ದ ಬಿಸಿಲು, ಇವೆಲ್ಲ ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲೋ ತಾವಾಗಿ ಮೂಡುತ್ತಿದ್ದವು. ಆಮೇಲೆ ಸ್ಲೈಡು ಹಾಕಿದಾಗ, ಈ ಕೋಣೆಗೆ ಹಿಂದೆ ಎಂದೋ ಬಂದಿದ್ದೆವಲ್ಲ ಎನ್ನಿಸುತ್ತಿತ್ತು.

ಆ ಹೂಜಿಯ ಚಿತ್ರದಲ್ಲೇ ಅವರ ಹೆಸರಾಂತ ಸಿದ್ಧಾಂತ ಹುಟ್ಟಿತು. ಬೆಳಕು ಎಡದಿಂದ ಬರುತ್ತದೆಂದು ಅಜ್ಜ ಬರೆದಿದ್ದ. ಸ್ಲೈಡಿನಲ್ಲಿ ಕಿಟಕಿ ಬಲಕ್ಕಿತ್ತು. ಅಜ್ಜ ತಪ್ಪು ಬರೆದನೆಂದು ಇನ್ನೊಬ್ಬರಾದರೆ ಕೈತೊಳೆದುಕೊಳ್ಳುತ್ತಿದ್ದರು. ಮೇಷ್ಟ್ರು ಹಾಗೆ ಮಾಡಲಿಲ್ಲ. ಅಜ್ಜ ಚಿತ್ರದ ಒಳಗೆ, ಆ ಹೆಂಗಸಿನ ಪಕ್ಕದಲ್ಲಿ ನಿಂತು, ನಮ್ಮ ಕಡೆ ಮುಖ ಮಾಡಿ ಬರೆದಿದ್ದಾನೆ, ಅವನ ಎಡವೇ ನಮ್ಮ ಬಲ ಎಂದು ಅವರು ವಾದಿಸಿದರು. ಒಳ್ಳೆಯ ವಿಮರ್ಶೆ ಚಿತ್ರದ ಒಳಗಿಂದಲೇ ಹೊರಡುತ್ತದೆ ಎಂಬ ಮಾತು ಅವರ ಪುಸ್ತಕದ ನಾಲ್ಕನೆಯ ಅಧ್ಯಾಯವಾಯಿತು. ಒಂದು ತಲೆಮಾರು ಅದನ್ನು ಓದಿಯೇ ಬೆಳೆಯಿತು.

ಈಗ ಅದೇ ವಿಭಾಗದಲ್ಲಿ ಪಾಠ ಮಾಡುವ ಅವರ ಶಿಷ್ಯೆಯೂ ಹಾಗೆ ಬೆಳೆದವಳು. ಹೆರಿಗೆಯಾದ ಮೇಲೆ ಅವಳು ಪ್ರಬಂಧವನ್ನು ಅರ್ಧಕ್ಕೇ ಕೈಬಿಡುವುದರಲ್ಲಿದ್ದಾಗ, ಮೇಷ್ಟ್ರು ವಾರಕ್ಕೆರಡು ಸಂಜೆ ಅವಳ ಮನೆಗೇ ಬಂದು, ಒಂದು ಕೈಯಲ್ಲಿ ತೊಟ್ಟಿಲು ತೂಗುತ್ತ ಇನ್ನೊಂದರಲ್ಲಿ ಹಾಳೆ ತಿದ್ದಿದರು. ಮಗು ಅಳು ನಿಲ್ಲಿಸುತ್ತಿದ್ದುದು ಅವರು ಇಟಾಲಿಯನ್ ಓದಿದಾಗ ಮಾತ್ರವೆಂದು ಅವಳ ಅತ್ತೆ ಇಂದಿಗೂ ನಗುತ್ತಾರೆ.

ಕಳೆದ ವರ್ಷ ಆ ಶಿಷ್ಯೆ ಅಧ್ಯಯನಕ್ಕೆಂದು ಇಟಲಿಗೆ ಹೋದಳು. ಸಣ್ಣ ಊರೊಂದರ ಪ್ರಾರ್ಥನಾಮಂದಿರದಲ್ಲಿ, ಹೆಚ್ಚು ಯಾರೂ ಛಾಯಾಚಿತ್ರ ತೆಗೆಯದ ಆ ಹೂಜಿಯ ಚಿತ್ರದ ಮುಂದೆ ನಿಂತಳು. ಕಿಟಕಿ ಎಡಕ್ಕಿತ್ತು. ತನಗೇ ಎಡಬಲ ಮರೆತಿರಬೇಕೆಂದು ಗಡಿಯಾರ ಕಟ್ಟಿದ ಕೈ ನೋಡಿಕೊಂಡಳು. ಕಿಟಕಿ ಎಡಕ್ಕೇ ಇತ್ತು. ಅಜ್ಜ ಎಲ್ಲರಂತೆ ಹೊರಗೆ ನಿಂತು, ಕಂಡದ್ದನ್ನು ಕಂಡಂತೆ ಬರೆದಿದ್ದ. ಮೂವತ್ತು ವರ್ಷಗಳ ಹಿಂದೆ ಮೇಷ್ಟ್ರು ತಮ್ಮ ಕೈಯಾರೆ ಆ ಸ್ಲೈಡನ್ನು ಚೌಕಟ್ಟಿಗೆ ಹಾಕುವಾಗ ಫಿಲ್ಮು ಮಗುಚಿ ಬಿದ್ದು ಎಡಬಲ ಅದಲುಬದಲಾಗಿತ್ತು, ಅಷ್ಟೆ.

ಊರಿಗೆ ಮರಳಿದವಳಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ. “ಬೆಳಕು ಹೇಗಿತ್ತಮ್ಮಾ?” ಎಂದು ಮೇಷ್ಟ್ರು ಮಗುವಿನಂಥ ಆಸೆಯಿಂದ ಕೇಳಿದಾಗಲೆಲ್ಲ “ತುಂಬಾ ಚೆನ್ನಾಗಿತ್ತು ಸರ್” ಎಂದು ತಪ್ಪಿಸಿಕೊಂಡಳು. ಮೂರು ತಿಂಗಳು ಹೀಗೇ ಕಳೆಯಿತು. ಅಷ್ಟರಲ್ಲಿ ಪುಸ್ತಕದ ಎರಡನೆಯ ಮುದ್ರಣದ ಪ್ರೂಫು ತಿದ್ದಲು ಅವಳ ಕೈಗೇ ಬಂತು. ಸುಮ್ಮನಿದ್ದರೆ ಸುಳ್ಳಿಗೆ ಅವಳೇ ಸಹಿ ಹಾಕಿದಂತೆ. ಹೇಳಿದರೆ, ಆ ಮನುಷ್ಯನ ಜೀವಮಾನದ ಕೆಲಸಕ್ಕೆ ನಿವೃತ್ತಿಯ ಹೊಸ್ತಿಲಲ್ಲಿ ಕಲ್ಲು ಹಾಕಿದಂತೆ.

ಕೊನೆಗೊಂದು ಮಧ್ಯಾಹ್ನ ಮೇಷ್ಟ್ರ ಕೋಣೆಗೆ ಹೋಗಿ, ನಿಂತೇ ಎಲ್ಲವನ್ನೂ ಹೇಳಿದಳು. ಅವರು ಪೆಟ್ಟಿಗೆಯಿಂದ ಸ್ಲೈಡು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿ ಹಿಡಿದರು. ಕೊನೆಗೆ ಅದನ್ನು ಮೇಜಿನ ಮೇಲಿಟ್ಟರು.

“ಪಾಪ, ಅಜ್ಜ ಹೊರಗೇ ನಿಂತಿದ್ದ. ನಾನೇ ಎಳ್ಕೊಂಡ್ ಹೋಗಿ ಒಳಗೆ ನಿಲ್ಲಿಸ್ಬಿಟ್ಟೆ” ಎಂದರು. ಆಮೇಲೆ, “ಗೊತ್ತಾಗಿ ಎಷ್ಟು ದಿನ ಆಯ್ತು?”

“ಮೂರು ತಿಂಗಳು ಸರ್. ನಿಮಗೆ ನೋವಾಗತ್ತೆ ಅಂತ...”

“ನೋವಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಮೂರು ತಿಂಗಳು ನೀನೊಬ್ಬಳೇ ಇದನ್ನ ಹೊತ್ಕೊಂಡ್ ತಿರುಗಿದ್ಯಲ್ಲಾ ತಾಯಿ! ಅಂಥಾ ಮೇಷ್ಟ್ರಾಗಿದ್ನಾ ನಾನು, ನಿಜ ಹೇಳೋಕೆ ಹೆದರೋ ಹಾಗೆ?”

ಶಿಷ್ಯೆ ಅಲ್ಲೇ ಕುಳಿತು ಅತ್ತುಬಿಟ್ಟಳು.

ಎರಡನೆಯ ಮುದ್ರಣವನ್ನು ಮೇಷ್ಟ್ರೇ ನಿಲ್ಲಿಸಿದರು. ವಿಳಾಸ ಸಿಕ್ಕ ಹಳೆಯ ವಿದ್ಯಾರ್ಥಿಗಳಿಗೆಲ್ಲ ಕೈಬರಹದಲ್ಲಿ ಕಾಗದ ಬರೆದು, ನಾಲ್ಕನೆಯ ಅಧ್ಯಾಯವನ್ನು ನಂಬಬೇಡಿರೆಂದು ಕೇಳಿಕೊಂಡರು. ನಂಬಿದ್ದರಿಂದಲೇ ತಾವು ಚಿತ್ರ ನೋಡಲು ಕಲಿತೆವೆಂದು ಹಲವರು ಉತ್ತರ ಬರೆದರು. ಆ ಸಮಾಧಾನವನ್ನು ಅವರು ಒಪ್ಪಲಿಲ್ಲ. ಈ ಅಭಿನಂದನ ಗ್ರಂಥದ ಮಾತು ಬಂದಾಗಲೂ, “ಹೊಗಳಿಕೆ ಎಷ್ಟಾದ್ರೂ ಹಾಕ್ಕೊಳ್ಳಿ, ಆ ತಪ್ಪಿನ ಕಥೆ ಇಲ್ದಿದ್ರೆ ನಾನು ವೇದಿಕೆ ಹತ್ತಲ್ಲ” ಎಂದು ಪಟ್ಟು ಹಿಡಿದರು. ಆದ್ದರಿಂದ ಈ ಲೇಖನ.

ಇಂಥ ಹಿರಿಯರಿಗೆ ಆಯುಸ್ಸು, ಆರೋಗ್ಯ, ಓದುವ ಕಣ್ಣು ಇನ್ನೂ ಬಹುಕಾಲ ಉಳಿಯಲಿ; ಮೇಷ್ಟ್ರು ಮಡದಿಯೊಂದಿಗೆ ಆ ಸಣ್ಣ ಊರಿನ ರೈಲು ಹತ್ತುವ ದಿನ ಬೇಗ ಬರಲಿ; ಕೈಗೆತ್ತಿಕೊಂಡ ಹೊಸ ಅಧ್ಯಾಯ ಪೂರ್ತಿಯಾಗಲಿ. ಕಳೆದ ವಾರ ಅದರ ಮೊದಲ ಹಾಳೆಯನ್ನು ಅವರು ತಿದ್ದಿಕೊಡೆಂದು ಶಿಷ್ಯೆಯ ಮೇಜಿನ ಮೇಲೆ ಇಟ್ಟುಹೋದರು. ಅದು ಹೀಗೆ ಶುರುವಾಗುತ್ತದೆ: “ಈ ಚಿತ್ರವನ್ನು ನಾನು ನೋಡಿಲ್ಲ. ನನ್ನ ಶಿಷ್ಯೆ ನೋಡಿದ್ದಾಳೆ. ಅವಳ ಮಾತನ್ನು ನಂಬಿ ಮುಂದಿನದನ್ನು ಬರೆಯುತ್ತಿದ್ದೇನೆ.”