ಮೂರು ಓಣಿಯ ಸಾಕ್ಷಿ ಮತ್ತು ಹಗ್ಗದ ಗಂಗವ್ವ

ಅರಸರ ಇತಿಹಾಸ ಬರೆದವರು ನಾಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಯಾವ ಅರಸನೂ ಹಾದಿ ತಪ್ಪಿ ಸಹ ಕಾಲಿಡದ ಹೊಳೆದಂಡೆಯ ಒಂದು ಊರಿನ ಇತಿಹಾಸಕ್ಕೆ ತಮ್ಮ ಸೇವಾವಧಿಯ ರವಿವಾರಗಳನ್ನೆಲ್ಲ ಧಾರೆ ಎರೆದವರು ಮಾತ್ರ ಅಪರೂಪ. ಅಂಥ ಅಪರೂಪದವರು, ರೋಣದ ಪ್ರೌಢಶಾಲೆಯಿಂದ ಈ ವರ್ಷ ನಿವೃತ್ತರಾಗುತ್ತಿರುವ ಇತಿಹಾಸ ಶಿಕ್ಷಕರಾದ ಶ್ರೀ ಗುರುಪಾದ ಅಂದಾನೆಪ್ಪ ಕುರಹಟ್ಟಿಯವರು. ಅವರ ಗೌರವಾರ್ಥವಾಗಿ ಈ ಅಭಿನಂದನ ಗ್ರಂಥ ಹೊರಬರುತ್ತಿದೆ. ಇದರ ಜೊತೆಗೇ ಬಿಡುಗಡೆಯಾಗಬೇಕಿದ್ದ ಅವರದೇ ಗ್ರಂಥ, ‘ಹೊಳೆಕಟಗೂರಿನ ಚರಿತ್ರೆ’, ಹೊರಬರುತ್ತಿಲ್ಲ. ಯಾಕೆ ಬರುತ್ತಿಲ್ಲ ಎಂದು ಓದುಗರಿಗೆ ತಿಳಿಹೇಳುವ ಕೆಲಸವನ್ನು ಸಮಿತಿ ಈ ಲೇಖನದ ಹೆಗಲಿಗೆ ಹೊರಿಸಿದೆ. ಹೊತ್ತ ಮೇಲೆ ಇಳಿಸಲೇಬೇಕಲ್ಲ.

ಗಜೇಂದ್ರಗಡದ ವ್ಯಾಪಾರಸ್ಥ ಮನೆತನದಲ್ಲಿ ಹುಟ್ಟಿದ ಗುರುಪಾದ ಗುರುಗಳಿಗೆ ತಂದೆಯ ಅಂಗಡಿಯ ತಕ್ಕಡಿ ಕೈಗೆ ಹತ್ತಲಿಲ್ಲ, ಸೀಮೆಸುಣ್ಣ ಹತ್ತಿತು. ಮೊದಲ ನೇಮಕ ಸಿಕ್ಕಿದ್ದು ಹೊಳೆಆಲೂರಿನಿಂದ ಮಲಪ್ರಭೆಯ ದಂಡೆಗುಂಟ ಸಾಗಿದರೆ ಸಿಗುವ ಹೊಳೆಕಟಗೂರಿನಲ್ಲಿ. ಗುಡ್ಡದ ಊರಿನಲ್ಲಿ ಬೆಳೆದವರಿಗೆ ಹೊಳೆಯೆಂದರೆ ದೊಡ್ಡ ಸೋಜಿಗ. ಅಲ್ಲಿನ ಮುದುಕರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ಯಾವ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು, ಯಾವ ಓಣಿ ಮೊದಲು ಹುಟ್ಟಿತು ಎಂದು ಕೇಳಿ ಬರೆದುಕೊಳ್ಳತೊಡಗಿದರು. ಮುಂದೆ ನರೇಗಲ್ಲಿಗೆ, ಯಾವಗಲ್ಲಿಗೆ, ಕಡೆಗೆ ರೋಣಕ್ಕೆ ವರ್ಗವಾದರೂ ರವಿವಾರ ಬಂತೆಂದರೆ ಬಸ್ಸೋ ಟ್ರ್ಯಾಕ್ಟರೋ ಸಿಕ್ಕಿದ್ದನ್ನು ಹತ್ತಿ ಹೊಳೆದಂಡೆಗೆ ಹೊರಟುಬಿಡುತ್ತಿದ್ದರು. ಈ ರವಿವಾರಗಳ ವಿಷಯದಲ್ಲಿ ಅವರ ಧರ್ಮಪತ್ನಿ ಶೈಲಶ್ರೀ ಅಮ್ಮನವರ ಅಭಿಪ್ರಾಯವೇ ಬೇರೆ. ಮಂಗಳಕಾರ್ಯದ ಗ್ರಂಥದಲ್ಲಿ ಅದನ್ನು ಅಚ್ಚು ಹಾಕುವುದು ಬೇಡ.

ಅವರ ಅಂತಃಕರಣಕ್ಕೆ ಒಂದು ನಿದರ್ಶನ ಕೊಡದೆ ಮುಂದೆ ಹೋಗಲಾಗದು. ಯಾವಗಲ್ಲಿನಲ್ಲಿದ್ದಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ತಂದೆತಾಯಿ ದುಡಿಯಲು ಗೋವೆಗೆ ಹೊರಟು, ಮಗಳನ್ನೂ ಕರೆದೊಯ್ಯಲು ಗಂಟು ಕಟ್ಟಿದ್ದರು. ಗುರುಗಳು ಬಸ್ ಸ್ಟ್ಯಾಂಡಿಗೇ ಹೋಗಿ ಆ ಗಂಟು ಇಳಿಸಿಕೊಂಡು, ಪರೀಕ್ಷೆ ಮುಗಿಯುವವರೆಗೆ ಹುಡುಗಿಯನ್ನು ತಮ್ಮ ಮನೆಯಲ್ಲಿಟ್ಟುಕೊಂಡರು. ಆಕೆ ಇಂದು ನರಗುಂದದ ದವಾಖಾನೆಯಲ್ಲಿ ನರ್ಸ್ ಆಗಿದ್ದಾಳೆ, ಮತ್ತು ಗುರುಗಳ ರಕ್ತದೊತ್ತಡದ ಬಗ್ಗೆ ಫೋನಿನಲ್ಲಿ ಅವರನ್ನು ಗದರಿಸುವ ಹಕ್ಕನ್ನು ಪಡೆದುಕೊಂಡಿದ್ದಾಳೆ.

ಸಂಶೋಧನೆಯಲ್ಲಿ ಅವರದು ಒಂದೇ ಪದ್ಧತಿ. ಹೊಳೆಕಟಗೂರಿನಲ್ಲಿ ಮೂರು ಓಣಿಗಳಿವೆ: ಮೇಲಿನೋಣಿ, ಅಂಬಿಗರೋಣಿ, ಕೆಳಗಿನೋಣಿ. ಒಂದರ ಮಾತು ಇನ್ನೊಂದಕ್ಕೆ ಕೂಡಿದ್ದನ್ನು ಯಾರೂ ಕಂಡಿಲ್ಲ. ಆದ್ದರಿಂದ ಯಾವುದೇ ಸಂಗತಿ ಮೂರೂ ಓಣಿಯ ಬಾಯಲ್ಲಿ ಒಂದೇ ರೀತಿ ಬಂದರೆ ಮಾತ್ರ ಗುರುಗಳು ಅದನ್ನು ಚರಿತ್ರೆ ಎನ್ನುತ್ತಿದ್ದರು. ಈ ಜರಡಿಯಲ್ಲಿ ಸೋಸಿದಾಗ ಉಳಿದದ್ದು ಸ್ವಲ್ಪ. ಆ ಸ್ವಲ್ಪದಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದದ್ದು ಹಗ್ಗದ ಗಂಗವ್ವನ ಕಥೆ. ಹಿಂದೊಂದು ಮಹಾಪೂರದಲ್ಲಿ ದೋಣಿಯ ಹಗ್ಗ ಹರಿಯುತ್ತಿದ್ದಾಗ ಗಂಗವ್ವನೆಂಬ ಅಂಬಿಗರ ಹೆಣ್ಣುಮಗಳು ಅದನ್ನು ನಡುವಿಗೆ ಸುತ್ತಿಕೊಂಡು ನಿಂತು, ದೋಣಿಯಲ್ಲಿದ್ದವರೆಲ್ಲ ದಂಡೆ ಮುಟ್ಟಿದ ಮೇಲೆ ತಾನು ಹೊಳೆಯ ಪಾಲಾದಳಂತೆ. ಹೊಳೆಗೆ ಇಳಿಯುವ ಪಾವಟಿಗೆಯ ಬಳಿ ಇರುವ ಅವಳ ಹೆಸರಿನ ಕಲ್ಲಿಗೆ ಹೊಸ ನೀರು ಬಂದಾಗ ಹೆಣ್ಣುಮಕ್ಕಳು ಉಡಿ ತುಂಬುತ್ತಾರೆ. ಮೂರೂ ಓಣಿಯವರು ಒಂದಕ್ಷರವೂ ಆಚೀಚೆಯಾಗದಂತೆ ಹೇಳಿದ್ದನ್ನು ಕೇಳಿ ಗುರುಗಳು ಹಿರಿಹಿರಿ ಹಿಗ್ಗಿ, ಗ್ರಂಥದ ನಡುವೆ ಅವಳಿಗೊಂದು ದೊಡ್ಡ ಅಧ್ಯಾಯವನ್ನೇ ಕೊಟ್ಟರು.

ಪುಸ್ತಕ ಅಚ್ಚಿಗೆ ಹೋಯಿತು. ಕಡೆಯದಾಗಿ ಒಂದು ಫೋಟೋ ತೆಗೆದುಕೊಂಡು ಬರಲೆಂದು ಗುರುಗಳು ಊರಿಗೆ ಹೋದಾಗ, ಕೆಳಗಿನೋಣಿಯ ದುರಗಪ್ಪನೆಂಬ ಹಿರಿಯ ಗಂಗವ್ವನ ಕಥೆಯನ್ನು ಮತ್ತೊಮ್ಮೆ, ಈ ಸಲ ಆಕೆಯ ಬಾಯಿಮಾತನ್ನೂ ಸೇರಿಸಿ, ಹೇಳಲು ಕುಳಿತ.

“ಆವಾಗ ಗಂಗವ್ವ ಏನಂದ್ಲಪಾ ಅಂದ್ರ,” ಎಂದು ದುರಗಪ್ಪ ಕೈ ಮೇಲೆತ್ತಿದ, “‘ಎಲೈ ಹೊಳೆಯೇ, ನನ್ನ ಕಾಯ ನಿನಗಿರಲಿ, ನನ್ನ ಜನ ದಡ ಸೇರಲಿ’ ಅಂದ್ಲರಿ!”

ಗುರುಗಳು ಫೋಟೋ ತೆಗೆಯುವುದನ್ನು ಬಿಟ್ಟು ಅವನತ್ತ ತಿರುಗಿದರು. ಆ ಮಾತು ಅವರದೇ. ಹೊಳೆಕಟಗೂರಿಗೆ ಬಂದ ಹೊಸದರಲ್ಲಿ ಶಾಲೆಯ ಸ್ನೇಹಸಮ್ಮೇಳನಕ್ಕೆ ಅವರು ಗಂಗವ್ವನ ಮೇಲೊಂದು ನಾಟಕ ಬರೆದು ಮಕ್ಕಳಿಂದ ಆಡಿಸಿದ್ದರು. ಹರೆಯದ ಹುಮ್ಮಸ್ಸಿನಲ್ಲಿ ಬರೆದು, ಆಡಿಸಿ, ಮರೆತೂಬಿಟ್ಟಿದ್ದರು. ಮೂರೂ ಓಣಿಯ ಮಕ್ಕಳು ಅದರಲ್ಲಿ ಪಾತ್ರ ಮಾಡಿದ್ದರು, ಮೂರೂ ಓಣಿಯ ಹಿರಿಯರು ಮುಂದೆ ಕುಳಿತು ಕಣ್ಣೀರು ಒರೆಸಿಕೊಂಡಿದ್ದರು. ಸಾಕ್ಷಿಗಳು ಒಂದಾಗದೆ ಇನ್ನೇನಾದಾರು?

ಅಂದಿನಿಂದ ಗುರುಗಳಿಗೆ ಊಟ ಸೇರಲಿಲ್ಲ. ಅಧ್ಯಾಯ ಇಟ್ಟರೆ ಜೀವಮಾನದ ದುಡಿಮೆಯ ನಟ್ಟನಡುವೆ ತಾವೇ ಕಟ್ಟಿದ ಕಥೆ ಚರಿತ್ರೆಯ ವೇಷ ಹಾಕಿ ಕೂತಂತೆ. ತೆಗೆದರೆ, ಉಡಿ ತುಂಬುವ ಹೆಣ್ಣುಮಕ್ಕಳ ಕೈಯಲ್ಲಿ ಬರಿಯ ಕಲ್ಲು ಉಳಿದಂತೆ. ಅಚ್ಚಿನ ಮನೆಯವನು ದಿನಾ ಫೋನು ಮಾಡುತ್ತಿದ್ದ. ಇದರ ಮೇಲೆ ಇನ್ನೊಂದು ಗೊಂದಲ: ನಾಟಕ ತಾವು ಬರೆದದ್ದು ಖರೆ, ಕಥೆಯನ್ನೂ ತಾವೇ ಹುಟ್ಟಿಸಿದ್ದೋ, ಯಾರಿಂದಲಾದರೂ ಕೇಳಿದ್ದೋ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.

“ಆಗ ನಮಗ ಮನಿ ಬಾಡಿಗಿ ಕೊಟ್ಟಿದ್ದ ಸಿದ್ದಲಿಂಗವ್ವ ಹೇಳಿರಬೇಕ್ರಿ,” ಎಂದರು ಶೈಲಶ್ರೀ ಅಮ್ಮ. “ಆಕಿ ದಿನಾ ಒಂದು ಕಥಿ ಹೇಳತಿದ್ಲು.”

“ಖರೇ ಕೇಳಿದ್ದಿಯೇನು ನೀನು?”

“ಕೇಳಿರಬೇಕು. ಇಲ್ಲಾ ನಾಟಕದಾಗ ನೋಡಿರಬೇಕು.” ಅಮ್ಮನವರೂ ಗೊಂದಲಕ್ಕೆ ಬಿದ್ದರು. ಸಿದ್ದಲಿಂಗವ್ವ ತೀರಿಹೋಗಿ ಬಹಳ ವರ್ಷಗಳಾಗಿದ್ದವು.

ಮರುದಿನ ರವಿವಾರವಲ್ಲದಿದ್ದರೂ ಗುರುಗಳು ಹೊಳೆಕಟಗೂರಿಗೆ ಹೋದರು. ಹೊಸ ನೀರು ಬಂದಿತ್ತು. ಪಾವಟಿಗೆಯಲ್ಲಿ ಅಂಬಿಗರೋಣಿಯ ಹಿರಿಯಾಕೆ ದೇವವ್ವ, ಜೊತೆಗೆ ಹತ್ತಾರು ಹೆಣ್ಣುಮಕ್ಕಳು ಕಲ್ಲಿಗೆ ಕುಂಕುಮ ಹಚ್ಚಿ ಉಡಿ ತುಂಬುತ್ತಿದ್ದರು. ಗುರುಗಳು ಚಪ್ಪಲಿ ಬಿಟ್ಟು ಕೆಳಗಿಳಿದು, ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟರು.

ದೇವವ್ವ ನಕ್ಕಳು. “ನೀವು ನಾಟಕಾ ಮಾಡಸೋಕಿಂತ ಮೊದಲ ನಮ್ಮತ್ತಿ ಈ ಕಲ್ಲಿಗೆ ಉಡಿ ತುಂಬತಿದ್ಲರಿ.”

“ಗಂಗವ್ವ ಅಂತ ಕರೀತಿದ್ರೇನು?”

“ಹೊಳಿಗೆ ಗಂಗವ್ವ ಅನ್ನದ ಮತ್ತೇನಂತಾರ್ರಿ?”

“ಹಗ್ಗದ ಸುದ್ದಿ ಹೇಳಿದ್ಲಾ ನಿಮ್ಮತ್ತಿ?”

“ಹೇಳಿರಬೇಕ್ರಿ. ಇಲ್ಲಂದ್ರ ನಿಮಗ ಹ್ಯಾಂಗ ಗೊತ್ತಾತು?”

ಗುರುಗಳು ಪಾವಟಿಗೆಯ ಮೇಲೆ ಕುಳಿತರು. ತಿಳಿಯಲೆಂದು ಬಂದವರಿಗೆ ಇದ್ದಬದ್ದ ತಿಳಿವಳಿಕೆಯೂ ಕೈಬಿಟ್ಟಿತ್ತು. “ಆಕಿ ಇದ್ಲೋ ಇಲ್ಲೋ, ನನಗ ತಿಳೀವಲ್ದು,” ಎಂದರು. “ಆ ಪಾಠಾ ಪುಸ್ತಕದಿಂದ ತಗೀಬೇಕಾಗ್ತೈತಿ. ತಪ್ಪು ತಿಳೀಬ್ಯಾಡ್ರಿ.”

ಆಗ ಹಿಂದೆ ನಿಂತಿದ್ದ ರಮಾಬಾಯಿ ಮುಂದೆ ಬಂದಳು. ಗುರುಗಳ ಹಳೆಯ ವಿದ್ಯಾರ್ಥಿನಿ, ನಾಟಕದಲ್ಲಿ ಗಂಗವ್ವನ ಪಾತ್ರ ಮಾಡಿದವಳು. ಈಗ ಕೆಳಗಿನೋಣಿಯಲ್ಲಿ ಕೂಲಿ ಮಾಡಿ ಬದುಕುವ ಗೃಹಿಣಿ.

“ತಗೀರಿ ಸರ, ಬೇಕಾದ್ರ ತಗೀರಿ,” ಎಂದಳು. “ಆದ್ರ ಎರಡು ಸಾವಿರದ ಹತ್ತೊಂಬತ್ತರ ನೆರಿಯೊಳಗ ನಮ್ಮ ಓಣಿಗೆ ನೀರು ಹೊಕ್ಕಾಗ ಹಗ್ಗಾ ಒಂದ ಕಡಿ ಬೇವಿನ ಗಿಡಕ್ಕ ಕಟ್ಟಿದ್ವಿ. ಈ ಕಡಿ ಕಟ್ಟಾಕ ಏನೂ ಇರಲಿಲ್ಲ. ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಾಕತ್ರು. ನಾ ನಡಕ್ಕ ಸುತಗೊಂಡು ಗ್ವಾಡಿಗೆ ಕಾಲು ಕೊಟ್ಟು ನಿಂತೆ. ಮುದುಕರು, ಹುಡುಗರು, ಆ ಪೂಜಾ ಅನ್ನೋ ಹಸೀ ಬಾಣಂತಿ ಕೂಸು ಎತಗೊಂಡು, ಎಲ್ಲಾರೂ ಹಗ್ಗಾ ಹಿಡದು ದಾಟಿದ್ರು. ನನಗೇನ ಧೈರ್ಯ ಇತ್ತಂತೀರಿ? ಹಿಂದಕ ಒಬ್ಬಾಕಿ ನಿಂತಿದ್ಲಂತ ನಿಂತೆ.” ಸೆರಗು ಸರಿಸಿ ನಡುವಿನ ಮೇಲಿನ ಹಗ್ಗದ ಬರೆಯನ್ನು ತೋರಿಸಿದಳು.

ಗುರುಗಳ ಕಣ್ಣು ತುಂಬಿಬಂತು. “ಇಷ್ಟು ವರ್ಷ ಬಂದೆ, ಹ್ವಾದೆ. ಇದನ್ನ ನನಗ ಯಾಕ ಹೇಳಲಿಲ್ಲ, ತಂಗಿ?”

“ನೀವು ಬರೇ ಹಳೇದು ಕೇಳತಿದ್ರಿ ಸರ.”

ಅಚ್ಚಿನ ಕೆಲಸ ನಿಂತಿತು. ಅಧ್ಯಾಯವನ್ನು ಗುರುಗಳು ತೆಗೆದಿಲ್ಲ, ಹಾಗೇ ಇಟ್ಟೂ ಇಲ್ಲ. ನಾಟಕದ ಗಂಗವ್ವ ಎಲ್ಲಿಂದ ಬಂದಳೋ ತಮಗೆ ತಿಳಿಯದೆಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡು, ಅಲ್ಲಿಂದ ಮುಂದೆ ರಮಾಬಾಯಿಯ ಕಥೆ ಬರೆಯುತ್ತಿದ್ದಾರೆ. ಯಾರು ಯಾರ ಕಥೆಯಿಂದ ಹುಟ್ಟಿದರು ಎಂಬ ಗೊಂದಲ ಅವರಿಗೆ ಬಗೆಹರಿದಿಲ್ಲ, ನಮಗಂತೂ ಬಗೆಹರಿಯುವ ಮಾತೇ ಇಲ್ಲ. ಅದಕ್ಕೇ ಈ ಸಮಾರಂಭದಲ್ಲಿ ಅವರ ಪುಸ್ತಕದ ಬದಲು ಅವರನ್ನೇ ಸಭಿಕರ ಮುಂದೆ ನಿಲ್ಲಿಸುತ್ತಿದ್ದೇವೆ.

ಬಾಣಂತಿ ಪೂಜಾಳ ಆ ಹೆಣ್ಣುಕೂಸು ಈಗ ಹೊಳೆಕಟಗೂರಿನ ಶಾಲೆಯಲ್ಲಿ ಒಂದನೆಯ ತರಗತಿಗೆ ಸೇರಿದ್ದಾಳೆ. ಒತ್ತಕ್ಷರ ಇನ್ನೂ ಬರುವುದಿಲ್ಲ. ಗುರುಪಾದ ಗುರುಗಳಿಗೆ ದೇವರು ದೀರ್ಘಾಯುಷ್ಯವನ್ನೂ ಶೈಲಶ್ರೀ ಅಮ್ಮನವರಿಗೆ ಇನ್ನಷ್ಟು ತಾಳ್ಮೆಯನ್ನೂ ಕರುಣಿಸಲಿ. ಆ ಹುಡುಗಿ ಓದಲು ಕಲಿಯುವ ಹೊತ್ತಿಗೆ ಗ್ರಂಥ ಮುಗಿಯಲಿ. ತಾನು ಬದುಕಿ ಉಳಿದದ್ದು ಹೇಗೆಂಬುದನ್ನು ಅವಳು ಗುರುಗಳ ಎದುರಿಗೇ ಕುಳಿತು ಗಟ್ಟಿಯಾಗಿ ಓದಲಿ.