ಪ್ರಾಕ್ಟಿಕಲ್ ಪರೀಕ್ಷೆಗೆ ಹೋದ ಅಡಕತ್ತರಿ

ಮುಖಕ್ಕೆ ಅರಿಶಿನ ಮೆತ್ತಿಕೊಂಡು, ಸೊಂಟಕ್ಕೆ ಅಡಕತ್ತರಿ ಸಿಕ್ಕಿಸಿಕೊಂಡು ಭೌತಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ ಮಾಡಿದವರು ತುಮಕೂರಿನಲ್ಲಿ ನನ್ನನ್ನು ಬಿಟ್ಟು ಇನ್ನೊಬ್ಬರಿದ್ದರೆ ನನಗೆ ಗೊತ್ತಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದೆ, ಕುಣಿಗಲ್ಲಿನ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಲಗ್ನ ಇಟ್ಟವರು ಪಂಚಾಂಗ ನೋಡಿದರೇ ಹೊರತು ಕಾಲೇಜಿನ ಟೈಮ್ ಟೇಬಲ್ ನೋಡಲಿಲ್ಲ. ಗುರುವಾರ ಅರಿಶಿನ, ಶುಕ್ರವಾರ ಪ್ರಾಕ್ಟಿಕಲ್, ಭಾನುವಾರ ಧಾರೆ.

ಮಾವನಾಗಲಿದ್ದವರು ಮಾತುಕತೆಯ ದಿನವೇ ಖಂಡಿತವಾಗಿ ಹೇಳಿದ್ದರು: ಈ ವರ್ಷ ಪಾಸಾದರೆ ಮುಂದೆಯೂ ಓದಲಿ, ಒಂದೇ ಒಂದು ವಿಷಯದಲ್ಲಿ ಫೇಲಾದರೂ ಅಲ್ಲಿಗೆ ನಿಲ್ಲಿಸಿಬಿಡೋಣ. ಮದುವೆಯ ಬಗ್ಗೆ ನನಗೆ ಅಂಥ ಭಯವೇನೂ ಇರಲಿಲ್ಲ. ಆ ‘ಫೇಲಾದರೆ’ ಅನ್ನುವುದಕ್ಕೆ ಮಾತ್ರ ಹೆದರುತ್ತಿದ್ದೆ.

ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ನಡೆಯುತ್ತಿದ್ದುದು ಅಜ್ಜಿಯ ಮಾತು. ಅರಿಶಿನ ಹಚ್ಚಿದ ಹುಡುಗಿ ಧಾರೆಯಾಗುವ ತನಕ ಹೊಸ್ತಿಲು ದಾಟಬಾರದು, ಗಾಳಿ ಸೋಕುತ್ತದೆ ಎಂದು ಅವಳು ಪಟ್ಟು ಹಿಡಿದಳು. ಅಪ್ಪ ಎರಡು ದಿನ ಗೋಗರೆದ ಮೇಲೆ, ಮೈಮೇಲೆ ಕಬ್ಬಿಣವಿದ್ದರೆ ಗಾಳಿ ಹತ್ತಿರ ಸುಳಿಯುವುದಿಲ್ಲ ಅನ್ನುವ ದಾರಿಯೊಂದು ಅಜ್ಜಿಗೆ ಹೊಳೆಯಿತು. ತನ್ನ ಅಡಕತ್ತರಿಯನ್ನೇ ತಂದು ನನ್ನ ಸೊಂಟಕ್ಕೆ ಸಿಕ್ಕಿಸಿದಳು. ಅಷ್ಟಕ್ಕೇ ಬಿಡದೆ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡು, ಮನೆಗೆ ಬರುವ ತನಕ ಇದನ್ನು ಮೈಯಿಂದ ಬೇರೆ ಮಾಡುವುದಿಲ್ಲ ಎಂದು ಆಣೆ ಹಾಕಿಸಿಕೊಂಡಳು.

ನನ್ನ ಗ್ರಹಚಾರಕ್ಕೆ ಬಂದ ಪ್ರಯೋಗ ಕಾಂತಕ್ಷೇತ್ರದ್ದು. ಲೋಲಕ ತೂಗಿಸಿ ಗುರುತ್ವ ಅಳೆಯುವುದು ಬಂದಿದ್ದರೆ ಏನೂ ತೊಂದರೆಯಿರಲಿಲ್ಲ. ಭೂಮಿ ಕೆಳಗೆಳೆಯುವಾಗ ಇದು ಕಬ್ಬಿಣ, ಇದು ಕುಂಬಳಕಾಯಿ ಎಂದು ಭೇದ ಮಾಡುವುದಿಲ್ಲ. ಕಾಂತ ಹಾಗಲ್ಲ, ಅದಕ್ಕೆ ಕಬ್ಬಿಣ ಕಂಡರೆ ಪ್ರಾಣ. ಪರೀಕ್ಷಕರು, ಬೆಂಗಳೂರಿಂದ ಬಂದಿದ್ದ ಪೇಟದ ಯಜಮಾನರು, ಬೀಗದಕೈ ಚಾಕು ಇದ್ದವರು ಹೊರಗಿಟ್ಟು ಬನ್ನಿ ಎಂದು ಮೊದಲೇ ಹೇಳಿದ್ದರು. ಅಡಕತ್ತರಿ ಅತ್ತ ಬೀಗದಕೈಯೂ ಅಲ್ಲ, ಇತ್ತ ಚಾಕುವೂ ಅಲ್ಲ ಎಂದುಕೊಂಡು ನಾನು ಬಾಯಿ ಮುಚ್ಚಿಕೊಂಡಿದ್ದೆ.

ಕೆಲಸವೇನೋ ಸುಲಭದ್ದು. ಹಾಳೆಯ ನಡುವೆ ದಂಡಕಾಂತ ಇಟ್ಟು, ಪುಟ್ಟ ದಿಕ್ಸೂಚಿಯ ಮುಳ್ಳು ತೋರಿಸಿದತ್ತ ಚುಕ್ಕೆ ಹಾಕುತ್ತ ಹೋಗಿ ಗೆರೆ ಎಳೆಯಬೇಕು. ಕಾಂತದ ಆಚೆಗೊಂದು ಈಚೆಗೊಂದು ಶೂನ್ಯ ಬಿಂದುಗಳಿರುತ್ತವೆ. ಅಲ್ಲಿ ಭೂಮಿಯ ಸೆಳೆತಕ್ಕೂ ಕಾಂತದ ಸೆಳೆತಕ್ಕೂ ಸಮಸಮ ಆಗಿಬಿಟ್ಟು ಮುಳ್ಳು ಎತ್ತ ತಿರುಗಲೂ ತೋಚದೆ ಪೆಚ್ಚಾಗಿ ನಿಲ್ಲುತ್ತದೆ. ನನ್ನ ಮುಳ್ಳಿಗೆ ಎಲ್ಲ ತೋಚುತ್ತಿತ್ತು. ನಾನು ಬಗ್ಗಿದೆನೋ, ಅದು ಸರ್ರನೆ ನನ್ನ ಹೊಟ್ಟೆಯ ಕಡೆಗೆ ತಿರುಗಿತು. ಎಡಕ್ಕೆ ಸರಿದರೆ ಎಡಕ್ಕೆ ಬಂತು, ಬಲಕ್ಕೆ ಸರಿದರೆ ಬಲಕ್ಕೆ ಬಂತು. ಒಂದು ಗಂಟೆಯಲ್ಲಿ ಮೂರು ಹಾಳೆ ಹಾಳಾದವು, ಶೂನ್ಯ ಬಿಂದುವಿನ ಸುಳಿವಿಲ್ಲ.

ಅಡಕತ್ತರಿ ತೆಗೆದಿಟ್ಟರೆ ಅಜ್ಜಿಯ ತಲೆ, ಇಟ್ಟುಕೊಂಡರೆ ನನ್ನ ಓದು. ಮನಸ್ಸಿನಲ್ಲೇ ಮದುವೆಗೂ ಮುಳ್ಳಿಗೂ ಸೇರಿಸಿ ಶಾಪ ಹಾಕಿದೆ. ಆಮೇಲೆ ಲೋಲಕ ಕಟ್ಟುವ ದಾರ ಕಣ್ಣಿಗೆ ಬಿತ್ತು. ಎರಡು ಗಜ ತೆಗೆದುಕೊಂಡು ಒಂದು ತುದಿಯನ್ನು ಅಡಕತ್ತರಿಗೆ, ಇನ್ನೊಂದನ್ನು ನನ್ನ ಎಡಗೈ ಮಣಿಕಟ್ಟಿಗೆ ಕಟ್ಟಿ, ಅಡಕತ್ತರಿಯನ್ನು ಹಿಂದಿನ ಕಿಟಕಿಯಿಂದ ಆಚೆ ಇಳಿಬಿಟ್ಟೆ. ದಾರ ಮೈಮೇಲಿದೆ, ಕಬ್ಬಿಣ ದಾರದಲ್ಲಿದೆ. ವಕೀಲರ ಮನೆಯ ಮಗಳೂ ಇದಕ್ಕಿಂತ ಚೆನ್ನಾಗಿ ವಾದ ಹೂಡಲಾರಳು. ಮುಳ್ಳು ತಕ್ಷಣ ಸಂಭಾವಿತನಂತಾಯಿತು. ಮೊದಲ ಶೂನ್ಯ ಬಿಂದು ಹತ್ತೇ ನಿಮಿಷಕ್ಕೆ ಸಿಕ್ಕಿತು.

ನನ್ನನ್ನು ಕರೆತಂದಿದ್ದ ಅಪ್ಪ ಆ ಕಿಟಕಿಯ ಕೆಳಗೇ ಕೂತಿದ್ದರೆಂದು ನನಗೇನು ಗೊತ್ತು? ತಲೆಯ ಮೇಲೆ ಮನೆಯ ಅಡಕತ್ತರಿ ತೂಗಾಡುವುದನ್ನು ನೋಡಿ, ಮಗಳು ಇದನ್ನು ಹೊರಗೆ ಕಳಿಸುತ್ತಿದ್ದಾಳೆ ಎಂದುಕೊಂಡು ಅವರು ಹಿಡಿದು ಎಳೆದರು. ಒಳಗೆ ನನ್ನ ಎಡಗೈ ತಾನಾಗಿ ಹಿಂದಕ್ಕೆ ಮೇಲೆದ್ದಿತು. ಎಕ್ಸ್‌ಟ್ರಾ ಹಾಳೆ ಬೇಕೇನೋ ಎಂದು ಪರೀಕ್ಷಕರು ಹಾಳೆ ತಂದರು. ನಾನು ಕೈ ಇಳಿಸಿದೆ, ಅಪ್ಪ ಮತ್ತೆ ಎಳೆದರು, ಕೈ ಮತ್ತೆ ಎದ್ದಿತು. ಪೇಟದವರು ದಾರದ ಗುಂಟ ಕಿಟಕಿಯವರೆಗೆ ಹೋಗಿ ಬಗ್ಗಿ ನೋಡಿದರು. ಕೆಳಗಿದ್ದ ಅಪ್ಪ ಅಡಕತ್ತರಿ ಹಿಡಿದುಕೊಂಡೇ ನಮಸ್ಕಾರ ಮಾಡಿದರಂತೆ.

ಪರೀಕ್ಷಕರಿಗೆ ಇದ್ದದ್ದು ಇದ್ದಹಾಗೆ ಹೇಳಿಬಿಟ್ಟೆ. ಅವರು ನಗಲಿಲ್ಲ, ಗದರಲೂ ಇಲ್ಲ. ನಿಂತಲ್ಲೇ ವೈವಾ ಶುರುಮಾಡಿ, ಕಾಂತಕ್ಷೇತ್ರ ಅನ್ನುತ್ತೀರಲ್ಲ, ಆ ಕ್ಷೇತ್ರ, ಫೀಲ್ಡ್ ಅಂದರೇನು ಎಂದು ಕೇಳಿದರು. ಬಾಯಿಪಾಠ ಮಾಡಿದ್ದ ಇಂಗ್ಲಿಷ್ ವಾಕ್ಯ ಆ ಗಾಬರಿಯಲ್ಲಿ ಹಾರಿಹೋಗಿತ್ತು.

“ನಮ್ಮಜ್ಜಿ ಉಪ್ಪಾರಹಳ್ಳೀಲಿ ಕೂತಿದಾರೆ ಸಾರ್. ನನ್ನ ಮುಟ್ಟಿಲ್ಲ. ಆದ್ರೂ ಇಲ್ಲಿ ನನ್ನ ಕೈ ನಡುಗ್ತಾ ಇದೆ. ಅದೇ ಫೀಲ್ಡು” ಅಂದೆ.

“ದೂರ ಹೋದಂಗೆ ಕಡಿಮೆ ಆಗ್ಬೇಕಲ್ಲಮ್ಮಾ?”

“ಕಾಂತದ್ದು ಆಗುತ್ತೆ ಸಾರ್. ಅಜ್ಜೀದು ಆಗಲ್ಲ.”

ಆಗ ಮಾತ್ರ ಅವರು ಆ ಕಡೆ ತಿರುಗಿ ಬಹಳ ಹೊತ್ತು ಕೆಮ್ಮಿದರು. ಎರಡನೆಯ ಶೂನ್ಯ ಬಿಂದುವನ್ನೂ ಹುಡುಕಿ ಮುಗಿಸಲು ಬಿಟ್ಟರು. ನಾನು ಪಾಸಾದೆ, ಮಾವನವರೂ ಮಾತಿಗೆ ತಪ್ಪಲಿಲ್ಲ. ಆದರೆ ಅದೆಲ್ಲ ತಿಳಿದದ್ದು ತಿಂಗಳುಗಳ ಮೇಲೆ. ಅವತ್ತು ಸಂಜೆ ಮನೆಗೆ ಹೋಗುವಾಗ ತಲೆಯಲ್ಲಿದ್ದದ್ದು ಆಣೆಯೊಂದೇ.

ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಸುಳ್ಳು ಹೇಳಲು ಧೈರ್ಯ ಸಾಲದೆ ದಾರ, ಕಿಟಕಿ, ಅಪ್ಪ ಎಳೆದದ್ದು ಎಲ್ಲವನ್ನೂ ಹೇಳಿದೆ. ಮುಳ್ಳು ತಿರುಗುತ್ತಲೇ ಇದ್ದದ್ದರಿಂದ ಒಂದು ಗಂಟೆ ಹಾಳಾಯಿತೆಂದೂ ಹೇಳಿದೆ. ಅವಳ ಮುಖ ಕೆಂಪಾಯಿತು.

“ಒಂದು ಗಂಟೆ ಸುಮ್ನೆ ನಿಂತಿದ್ಯಾ? ಗೊತ್ತಾದ ತಕ್ಷಣ ಕಿತ್ತು ಬಿಸಾಕೋದಲ್ವೇನೇ ಪೆದ್ದೀ? ಫೇಲಾಗಿದ್ರೆ ನಿನ್ನ ಓದಿಸೋರು ಯಾರೇ?”

“ಆಣೆ ಹಾಕಿಸ್ಕೊಂಡಿದ್ಯಲ್ಲಜ್ಜಿ.”

“ನನ್ ತಲೆ ಮೇಲೆ ತಾನೆ? ಹಳೇ ತಲೆ, ಹೋದ್ರೆ ಹೋಗ್ಲಿ ಬುಡು.”

ನನಗೆ ಸಿಟ್ಟು ಬಂತು, ಅಳುವೂ ಬಂತು, ಅಲ್ಲೇ ಹೊಸ್ತಿಲ ಮೇಲೆ ಕೂತು ಗೊಳೋ ಎಂದು ಅತ್ತೆ. ಅರಿಶಿನ ಅಳಿಸಿಹೋಗುತ್ತದೆ ಎಂದು ಅಜ್ಜಿ ಅದಕ್ಕೂ ಬೈದಳು. ಧಾರೆಗೆ ಇನ್ನೂ ಎರಡು ದಿನವಿದ್ದದ್ದರಿಂದ ಅಡಕತ್ತರಿಯನ್ನು ಮತ್ತೆ ನನ್ನ ಸೊಂಟಕ್ಕೆ ಸಿಕ್ಕಿಸಿದಳು.