ನನಗೆ ಎರಡು ಹಾಕಿ, ಸಾಕು

ಬೆಳಿಗ್ಗೆ ಸಂಡಿಗೆ ಇಡಲು ಹಲಗೆ ಹುಡುಕುತ್ತಿದ್ದಾಗ ಗ್ಯಾರೇಜಿನ ಮೂಲೆಯಲ್ಲಿ ಲಿಲ್ಲಿ ಆಂಟಿ ಸಿಕ್ಕರು. ಗಾಬರಿಯಾಗಬೇಡಿ, ಸಿಕ್ಕಿದ್ದು ಅವರ ಹಿಂದಿನ ಚುನಾವಣೆಯ ಪೋಸ್ಟರ್ ಹಲಗೆ. ನಗುಮುಖವನ್ನು ಕೆಳಗೆ ಮಾಡಿ, ಬೆನ್ನ ಮೇಲೆ ಬಟ್ಟೆ ಹಾಸಿ, ಅಡಿಲೇಡಿನ ಬಿಸಿಲಿಗೆ ಸಾಲಾಗಿ ಸಂಡಿಗೆ ಇಟ್ಟೆ. ಜೀರಿಗೆಯ ಪರಿಮಳದ ಜೊತೆ ಆ ದಿನಗಳೂ ಎದ್ದು ಬಂದವು.

ಆಂಟಿ ಮಂಗಳೂರಿನವರು, ಕುವೈತಿನಲ್ಲಿ ನರ್ಸ್ ಆಗಿದ್ದವರು. ನಾನು ಮೈಸೂರಿನವಳು. ಕಾನ್ವೆಂಟು ಬೇರೆಯಾದರೂ ಸಿಸ್ಟರುಗಳು ಕಲಿಸಿದ್ದು ಒಂದೇ: ಎಲ್ಲರೂ ತೆಗೆದುಕೊಂಡ ಮೇಲೆ ನಿನ್ನ ಸರದಿ. ಈಗಲೂ ನಾವಿಬ್ಬರೂ ಒಂದು ಬಾಗಿಲಿಗೆ ಬಂದರೆ "ನೀವು ಹೋಗಿ, ನೀವು ಹೋಗಿ" ಎನ್ನುತ್ತ ನಿಂತುಬಿಡುತ್ತೇವೆ, ಹಿಂದಿನವರು ಕೆಮ್ಮುವ ತನಕ.

ಆಗ ಪಾರ್ಕಿನ ಶೌಚಾಲಯಕ್ಕೆ ಬೀಗ ಬಿದ್ದಿತ್ತು. ನನ್ನ ಅತ್ತೆ ವಾಕಿಂಗನ್ನೇ ಬಿಟ್ಟು ಕಿಟಕಿ ಹಿಡಿದು ಕೂತರು. ಬೀಗ ತೆಗೆಸುತ್ತೇನೆಂದು ಅವರಿಗೆ ಮಾತು ಕೊಟ್ಟೇ ಆಂಟಿ ಕೌನ್ಸಿಲ್ ಚುನಾವಣೆಗೆ ನಿಂತದ್ದು.

ವಾರ್ಡಿಗೆ ಹಲವು ಸದಸ್ಯರು. ಹೆಸರುಗಳ ಮುಂದೆ ನಮ್ಮ ಇಷ್ಟದ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ಬರೆದು ಅಂಚೆಗೆ ಹಾಕಬೇಕು. ಎಣಿಕೆ ನನ್ನ ತಲೆಗೆ ಹೋಗದೆ ಯಜಮಾನರನ್ನು ಕೇಳಿದೆ.

"ಪಿಕ್ನಿಕ್ಕಿಗೆ ಕಾರುಗಳು ಹೊರಟಿವೆ ಅನ್ಕೋ," ಎಂದರು. "ಒಬ್ಬೊಬ್ಬ ಅಭ್ಯರ್ಥಿನೂ ಒಂದೊಂದು ಕಾರು, ಓಟುಗಳೇ ಜನ. ಒಂದು ಕಾರು ತುಂಬಿದ್ರೆ, ಮಿಕ್ಕವ್ರು ಅವರವರ ಎರಡನೇ ಕಾರಿಗೆ. ತೀರಾ ಕಮ್ಮಿ ಜನ ಇರೋ ಕಾರು ಕ್ಯಾನ್ಸಲ್. ಅವ್ರೂ ಇಳಿದು ಎರಡನೇದಕ್ಕೆ."

ಮರುದಿನ ಆಂಟಿಯ ಜೊತೆ ಪ್ರಚಾರಕ್ಕೆ ಹೋದೆ. ಮೊದಲ ಬಾಗಿಲಲ್ಲೇ ಅವರೆಂದರು, "ಒಂದು ನಿಮಗೆ ಬೇಕಾದವರಿಗೆ ಹಾಕಿ. ನನಗೆ ಎರಡು ಹಾಕಿ, ಸಾಕು."

"ಅಯ್ಯೋ ಆಂಟಿ, ಎಲ್ರೂ ಎರಡೇ ಹಾಕಿದ್ರೆ ನಿಮ್ಮ ಕಾರೇ ಕ್ಯಾನ್ಸಲ್ ಆಗೋಗುತ್ತೆ!"

"ನಂಗೇ ಒಂದು ಕೊಡಿ ಅಂತ ಕೇಳ್ಲಿಕ್ಕೆ ನಾಚಿಕೆ ಆಗುದಿಲ್ವಾ ಮಾರಾಯ್ತಿ?"

ತಮ್ಮ ಸ್ವಂತ ಮತಪತ್ರದಲ್ಲೂ ಒಂದನ್ನು ಅವರು ಬರೆದದ್ದು ಪಕ್ಕದ ಮನೆಯ ಕೆವಿನ್‌ಗೆ. ಆತನೂ ಅಭ್ಯರ್ಥಿಯೇ! "ಅವನ ಲಾನ್ ಮೋವರ್ ವರ್ಷವಿಡೀ ನಮ್ಮ ಶೆಡ್ಡಲ್ಲೇ ಉಂಟು. ಹೇಗೆ ಬಿಡುದು?"

ನಾನು ಗುಟ್ಟಾಗಿ ಗುರುತಿದ್ದವರಿಗೆಲ್ಲ ಫೋನು ಮಾಡಿ, "ನೀವಾದ್ರೂ ಒಂದು ಹಾಕಿ," ಎಂದು ಗೋಗರೆದೆ. ಆದರೂ ಎಣಿಕೆ ಶುರುವಾದಾಗ ಆಂಟಿ ತಳದ ಹತ್ತಿರವೇ. ಆದರೆ ಕೆವಿನ್ನನ ಕಾರು ಮೊದಲಿಗೇ ತುಂಬಿ ತುಳುಕಿತು. ತುಳುಕಿದ್ದೆಲ್ಲ ಆಂಟಿಯ ಕಡೆಗೆ ಹರಿದು, ಕೊನೆಯ ಸೀಟು ಅವರದಾಯಿತು. ಕೆವಿನ್ ತನ್ನ ಗೆಳೆಯರಿಗೆಲ್ಲ, ಪಕ್ಕದ ಮನೆಯ ಲಿಲ್ಲಿಗೆ ಎರಡು ಹಾಕಿ ಅಂದಿದ್ದನಂತೆ.

ಬೀಗ ತೆಗೆದ ದಿನ ಅತ್ತೆ ಪಾರ್ಕು ಸುತ್ತಿ, ಶೌಚಾಲಯದ ಒಳಗೂ ಹೋಗಿ ಬಂದರು. "ಅವಸರ ಏನಿರ್ಲಿಲ್ಲ ಕಣೆ, ಸುಮ್ನೆ ನೋಡ್ಕೊಂಡ್ ಬಂದೆ," ಎಂದರು, ದೇವಸ್ಥಾನದಿಂದ ಬಂದವರ ಹಾಗೆ.

ಈಗ ಮತ್ತೆ ಚುನಾವಣೆ, ಆಂಟಿ ಮತ್ತೆ ನಿಂತಿದ್ದಾರೆ. ಮತಪತ್ರದ ಲಕೋಟೆಯೂ ಬಂದಿದೆ. ಆದರೆ ಕೆವಿನ್ ಬ್ರಿಸ್ಬೇನಿನಲ್ಲಿರುವ ಮಗಳ ಮನೆ ಸೇರಿದ್ದಾನೆ. ಮಧ್ಯಾಹ್ನ ಆಂಟಿಯ ಫೋನು ಬಂತು.

"ಕೆವಿನ್ ಇಲ್ಲ. ಈ ಸಲ ಒಂದು ಯಾರಿಗೆ ಹಾಕುದು ಮಾರಾಯ್ತಿ?"

"ನಿಮಗೇ ಹಾಕ್ಕೊಳ್ಳಿ ಆಂಟಿ!"

ಆ ಕಡೆ ಲಕೋಟೆ ಬಿಚ್ಚಿದ ಸದ್ದು. ಆಮೇಲೆ ಮೆಲ್ಲಗೆ, "ಪೆನ್ಸಿಲಿನಲ್ಲಿ ಹಾಕಿ ನೋಡ್ತೇನೆ," ಎಂದರು.

ನಗುತ್ತ ಹಿತ್ತಲಿಗೆ ಹೋದೆ. ಅರೆ ಒಣಗಿದ ಸಂಡಿಗೆಯ ರುಚಿ ನಿಮಗೆ ಗೊತ್ತಲ್ಲ? ಮೊದಲನೆಯದನ್ನು ಮಗಳಿಗೆ, ಎರಡನೆಯದನ್ನು ಯಜಮಾನರಿಗೆ ಎತ್ತಿಡುವುದು ನನ್ನ ವಾಡಿಕೆ. ಇವತ್ತು ಸುತ್ತ ಒಮ್ಮೆ ನೋಡಿ, ಮೊದಲನೆಯದನ್ನು ನಾನೇ ಬಾಯಿಗೆ ಹಾಕಿಕೊಂಡೆ.